ಡಾಕ್ಟರ್ ಗಾಡಿ, ಸಾರ್!

ಬೆಂಗಳೂರಿನ ಹಳೇ ಕಾರಿನ ಬ್ರೋಕರುಗಳ ಮಾತು ನಂಬುವುದಾದರೆ, ಈ ಊರಿನಲ್ಲಿ ಡಾಕ್ಟರುಗಳಷ್ಟು ಕಾರು ಕೊಳ್ಳುವವರೂ ಇಲ್ಲ, ಅವರಷ್ಟು ಕಡಿಮೆ ಓಡಿಸುವವರೂ ಇಲ್ಲ. ‘ಡಾಕ್ಟರ್ ಗಾಡಿ ಸಾರ್. ಸಿಂಗಲ್ ಓನರ್. ಮನೆಯಿಂದ ಕ್ಲಿನಿಕ್, ಕ್ಲಿನಿಕ್‌ನಿಂದ ಮನೆ. ಒಂದ್ರೂಪಾಯಿ ಕೆಲಸ ಇಲ್ಲ.’ 2014ರ ಮಾಡೆಲ್, ಮೀಟರಿನಲ್ಲಿ 38,000 ಕಿಲೋಮೀಟರ್. ಕ್ಲಚ್ ಪೆಡಲಿನ ರಬ್ಬರ್ ಮಾತ್ರ ಸವೆದು ಕಬ್ಬಿಣ ಇಣುಕುತ್ತಿದೆ. ಡಾಕ್ಟರರು ಗಾಡಿ ನಿಲ್ಲಿಸಿಕೊಂಡೇ ಕ್ಲಚ್ ತುಳಿಯುತ್ತಿದ್ದರೋ ಏನೋ.

ಯಯಾತಿಗೆ ಯೌವನ ಮರಳಬೇಕಾದರೆ ಮಗ ಪೂರು ಮುಪ್ಪು ಹೊರಬೇಕಾಯಿತು. ಕಾರಿಗೆ ಲ್ಯಾಪ್‌ಟಾಪ್ ಹಿಡಿದ ಹುಡುಗನೊಬ್ಬ ಸಾಕು, ಮಧ್ಯಾಹ್ನದೊಳಗೆ ಲಕ್ಷ ಕಿಲೋಮೀಟರ್ ಇಳಿಸಿಕೊಡುತ್ತಾನೆ. ಇಳಿದ ಮುಪ್ಪು ಎಲ್ಲಿಗೂ ಹೋಗುವುದಿಲ್ಲ, ಪೂರುವಿನ ಪಾತ್ರ ಕೊಳ್ಳುವವರಿಗೇ ಮೀಸಲು. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಗಾಡಿ ಬಂದಾಗಲೆಲ್ಲ ಕಿಲೋಮೀಟರ್ ಬರೆದಿಟ್ಟಿರುತ್ತಾರೆ, ಆ ದಾಖಲೆ ಕೇಳಿ. ಕೇಳಿದೊಡನೆ ‘ಡಾಕ್ಟರ್ ಹೊರಗಡೆನೇ ಸರ್ವಿಸ್ ಮಾಡಿಸ್ತಿದ್ರು ಸಾರ್’ ಅಂದರೆ ಚಹಾ ಮುಗಿಸಿ ಎದ್ದು ಬನ್ನಿ.

ಸೀಟ್ ಬೆಲ್ಟನ್ನೂ ಕೊನೆಯವರೆಗೆ ಎಳೆದು ನೋಡಿ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಯಮಲೂರಿನ ಶ್ರೀಮಂತರು ಟ್ರ್ಯಾಕ್ಟರ್ ಏರಿ ಮನೆ ಬಿಟ್ಟಾಗ ಅವರ ಕಾರುಗಳು ನೀರಿನಡಿ ಇದ್ದವು. ಮುಳುಗಿದವೆಲ್ಲ ನೇರ ಗುಜರಿಗೆ ಹೋದವು ಎಂದು ನಂಬುವವರು ಭಾಗ್ಯವಂತರು. ಪಾಲಿಶ್ ಹೊಡೆಯುವವನು ಬೆಲ್ಟಿನ ತುದಿಯ ಕೆಸರಿನ ಕಲೆವರೆಗೆ ಹೋಗುವುದು ಅಪರೂಪ.

ಇನ್ನು ಕಾಗದಪತ್ರ. ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಒತ್ತಿದರೆ ಇನ್ಶೂರೆನ್ಸ್ ಮುಗಿದಿದೆಯೇ, ಎಷ್ಟನೇ ಓನರ್ ಎಂಬುದೆಲ್ಲ ಕೂತಲ್ಲೇ ಗೊತ್ತಾಗುತ್ತದೆ. ಆದರೂ ನಾವು ಆ್ಯಪ್ ಬಿಟ್ಟು ಬ್ರೋಕರ್ ಮುಖ ನೋಡುತ್ತೇವೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಕೂತಿದ್ದರೆ ‘ಸಾಲ ತೀರಿದೆ, ಎನ್‌ಒಸಿ ಬರೋದೊಂದೇ ಬಾಕಿ’ ಎನ್ನುತ್ತಾನೆ. ಬರಲಿ, ಆಮೇಲೆ ದುಡ್ಡು ಕೊಟ್ಟರಾಯಿತು. ಟ್ರಾಫಿಕ್ ದಂಡದ ಕಥೆಯೂ ಇದೇ. ಸರ್ಕಾರ 2023ರಲ್ಲಿ ಅರ್ಧ ಮಾಫಿ ಕೊಟ್ಟಿತು, 2025ರಲ್ಲಿ ಮತ್ತೆ ಕೊಟ್ಟಿತು. ಮುಂದಿನ ಮಾಫಿಗೆ ಕಾದು ಸುಸ್ತಾದ ಸಿಗ್ನಲ್ ವೀರರು ದಂಡದ ಸಮೇತ ಗಾಡಿಯನ್ನೇ ಮಾರಿಬಿಡುತ್ತಾರೆ.

ದಿಲ್ಲಿ ಕಾರು ಅಗ್ಗ ಎಂದು ಹಿಗ್ಗುವವರದು ಬೇರೆಯೇ ಪಂಗಡ. ಅಲ್ಲಿ ಡೀಸೆಲ್ ಗಾಡಿಗೆ 10 ವರ್ಷ, ಪೆಟ್ರೋಲ್ ಗಾಡಿಗೆ 15 ವರ್ಷದ ಗಡುವು ಬಿದ್ದದ್ದೇ ಆ ಅಗ್ಗದ ಗುಟ್ಟು. ಇಲ್ಲಿಗೆ ತಂದಮೇಲೆ ಎನ್‌ಒಸಿ, ಮರುನೋಂದಣಿ, ಕರ್ನಾಟಕದ ಲೈಫ್ ಟ್ಯಾಕ್ಸ್ ಒಂದರ ಹಿಂದೊಂದು ಬಂದು ಉಳಿಸಿದ್ದನ್ನು ವಸೂಲಿ ಮಾಡಿಕೊಂಡು ಹೋಗುತ್ತವೆ.

ಕೊನೆಗೆ ‘ಆರ್‌ಟಿಒ ಖರ್ಚು’ ಎಂಬ ಅಧ್ಯಾಯ. ಕಾರಿನ ಹೆಸರು ಬದಲಾವಣೆಗೆ ಕೇಂದ್ರದ ನಿಯಮದಲ್ಲಿರುವ ಶುಲ್ಕ 300 ರೂಪಾಯಿ, ಕಾರ್ಡಿಗೆ 200. ಅದು ಬ್ರೋಕರ್ ಬಾಯಿಗೆ ಬರುವಷ್ಟರಲ್ಲಿ ‘ಎಲ್ಲಾ ಸೇರಿ ಎಂಟು ಸಾವಿರ’ ಆಗಿರುತ್ತದೆ. ಆ ‘ಎಲ್ಲಾ’ ಯಾರ್ಯಾರು ಎಂದು ಕೇಳಬೇಡಿ, ರಸೀದಿ ಕೇಳಿ.

ಮಾರುವವರೂ ನಗಬೇಕಾಗಿಲ್ಲ. ಫಾರಂ 29, 30ಕ್ಕೆ ಸಹಿ ಹಾಕಿ, ಕೀಲಿ ಕೊಟ್ಟು, ಹೆಸರು ಬದಲಾಯಿತೋ ಇಲ್ಲವೋ ನೋಡದೆ ಮರೆತುಬಿಡುವವರು ಬಹಳ. ಗಾಡಿ ಎಷ್ಟು ಕೈ ದಾಟಿದ್ದರೂ, ಅಪಘಾತದ ಪರಿಹಾರದ ಹೊಣೆ ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.