ನಮ್ಮ ಮನೆಗೆ ತೋಳ ಬಿದ್ದದ್ದು

ಕಾರ ಹುಣ್ಣಿಮೆ ಕಳೆದು ಬಿತ್ತನೆಯ ಗಡಿಬಿಡಿ ಶುರುವಾಗಿತ್ತು. ಕುಷ್ಟಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನಿಗೆ ಆ ದಿನಗಳಲ್ಲಿ ಹೆಂಡತಿ ಊಟಕ್ಕೆ ಕರೆದರೂ "ಎಷ್ಟು ಪಾಕೀಟು?" ಎಂದೇ ಬಾಯಿಗೆ ಬರುತ್ತದೆ. ಅಂಥ ಒಂದು ಸಂಜೆ ಮೂರನೇ ಕ್ಲಾಸಿನ ನನ್ನ ಮಗ ಪಾಟಿಚೀಲ ಎಸೆದು, ಎದೆ ಸೆಟೆಸಿ ನಿಂತು ಹೇಳಿದ:

"ಅಪ್ಪಾ, ನಾ ಕಬ್ ಆಗೀನಿ."

ಸಜ್ಜೆ ಬೀಜದ ಪಾಕೀಟು ಎಣಿಸುತ್ತಿದ್ದ ನನಗೆ ಕೇಳಿಸಿದ್ದು ಕಬ್ಬು. ಅಂಗಡಿಯ ಹಿಂದೆಯೇ ಮನೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ನಮ್ಮವ್ವನಿಗೂ ಹಾಗೇ ಕೇಳಿಸಿತು.

"ಕಬ್ಬಾ? ಯಾಕಪಾ, ಸಾಲ್ಯಾಗ ಹಿಂಡಾಕತ್ತಾರೇನು ನಿನ್ನ?"

"ಕಬ್ಬಲ್ಲಮ್ಮಾ, ಕಬ್! ಕಬ್ ಅಂದ್ರ ತ್ವಾಳದ ಮರಿ." (ನಮ್ಮ ಕಡೆ ಅಜ್ಜಿಗೆ ಅಮ್ಮ ಎನ್ನುತ್ತೇವೆ.)

ರೊಟ್ಟಿ ಬಡಿಯುವ ಸದ್ದು ಗಕ್ಕನೆ ನಿಂತಿತು. ಯಾಕೆಂದರೆ ಕಟ್ಟೆಯ ಮೇಲೆ ನಮ್ಮಪ್ಪ ಕುಳಿತಿದ್ದ. ಯಲಬುರ್ಗಾ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಐವತ್ತು ವರ್ಷ ಕುರಿ ಕಾಯ್ದು, ಮೊಣಕಾಲು ಸೋತ ಮೇಲೆ ಹಿಂಡು ಮಾರಿ ನನ್ನ ಮನೆ ಸೇರಿದವನು. ಅವನ ಲೆಕ್ಕದಲ್ಲಿ ಜಗತ್ತಿನಲ್ಲಿ ಎರಡೇ ಪಂಗಡ: ಕುರಿ ಕಾಯುವವರು, ಕುರಿ ಒಯ್ಯುವವರು. ಎರಡನೆಯ ಪಂಗಡದಲ್ಲಿ ತೋಳ ಒಂದೇ ಇದ್ದದ್ದು. ಆಮೇಲೆ ಸಾಲ ಕೊಟ್ಟವರೂ ಸೇರಿಕೊಂಡರು. ಅಪ್ಪ ಎಲೆ-ಅಡಿಕೆ ಉಗಿದು ನನ್ನತ್ತ ತಿರುಗಿದ.

"ನಾ ಐವತ್ತು ವರ್ಷ ತ್ವಾಳ ಓಡಿಸೀನಿ. ನೀ ಫೀ ಕಟ್ಟಿ ತ್ವಾಳ ಮಾಡಸಾಕತ್ತೀ ಏನಲೇ?"

ನನ್ನಲ್ಲಿ ಉತ್ತರವಿರಲಿಲ್ಲ. ಕಬ್ ಎಂದರೆ ಸ್ಕೌಟ್ಸ್‌ನ ಚಿಕ್ಕವರ ಗುಂಪಂತೆ, ಆದರೆ ಸ್ಕೌಟ್ಸ್ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಆಗಸ್ಟ್ ಹದಿನೈದಕ್ಕೆ ಕೊರಳಿಗೆ ಸ್ಕಾರ್ಫ್ ಸುತ್ತಿಕೊಂಡು ಎಲ್ಲರಿಗಿಂತ ಮುಂದೆ ನಡೆಯುವವರು, ಎಲ್ಲರಿಗಿಂತ ಮೊದಲು ಬಿಸಿಲಿಗೆ ತಲೆ ತಿರುಗಿ ಬೀಳುವವರು.

ಶನಿವಾರ ಪಾಲಕರ ಸಭೆ. ಒಳಗೆ ಹೋದ ಕೂಡಲೇ ಕಬ್ ನೋಡಿಕೊಳ್ಳುವ ಮೇಡಂ ನಗುತ್ತ ಎಡಗೈ ಚಾಚಿದರು. ನಾನು ಕೈ ಮುಗಿಯಲೋ, ಬಲಗೈ ಕೊಡಲೋ ತಿಳಿಯದೆ ಎರಡರ ನಡುವೆ ಏನೋ ಒಂದು ಮಾಡಿದೆ. ಅಂಗಡಿಯಲ್ಲಿ ನಾನೇನಾದರೂ ಎಡಗೈಯಲ್ಲಿ ಚಿಲ್ಲರೆ ಕೊಟ್ಟರೆ ಗಿರಾಕಿ ಅದನ್ನು ಕೌಂಟರಿನ ಮೇಲೆ ಇಟ್ಟು, ಬಲಗೈಯಲ್ಲಿ ಕೊಡುವತನಕ ಕಾಯುತ್ತಾನೆ. ಇಲ್ಲಿ ನೋಡಿದರೆ ವಿದ್ಯೆ ಶುರುವಾಗುವುದೇ ಎಡಗೈಯಿಂದ. ಮೇಡಂ ಕಥೆ ಹೇಳಿದರು. ಆಫ್ರಿಕದ ಅಶಾಂತಿ ಜನರಲ್ಲಿ ಯೋಧನ ಬಲಗೈಯಲ್ಲಿ ಈಟಿ, ಎಡಗೈಯಲ್ಲಿ ಗುರಾಣಿ. ಗುರಾಣಿ ಕೆಳಗಿಟ್ಟು ಎಡಗೈ ಕೊಟ್ಟರೆ "ನಿನ್ನ ಮೇಲೆ ನಂಬಿಕೆಯಿದೆ" ಎಂದರ್ಥವಂತೆ. ಅದನ್ನು ಅಲ್ಲಿ ಕೇಳಿ ಬಂದ ಬೇಡನ್ ಪೊವೆಲ್ ಎಂಬ ಇಂಗ್ಲಿಷ್ ದಂಡನಾಯಕ ಸ್ಕೌಟಿಗೂ ಅದನ್ನೇ ಹಚ್ಚಿದ ಎಂದು ಹೇಳುತ್ತಾರೆ. ಕಥೆ ಚೆನ್ನಾಗಿತ್ತು. ಮನೆಯಲ್ಲಿ ಹೇಳಿದಾಗ ನಮ್ಮವ್ವ ಕೇಳಿದ್ದು ಒಂದೇ ಮಾತು: "ಆ ಯೋಧ ಊಟ ಯಾವ ಕೈಯಾಗ ಮಾಡತಿದ್ದ?"

ಈ ಪೊವೆಲ್ಲನೇ 1907ರಲ್ಲಿ ಬ್ರೌನ್‌ಸೀ ಎಂಬ ನಡುಗಡ್ಡೆಗೆ ಇಪ್ಪತ್ತರಷ್ಟು ಹುಡುಗರನ್ನು ಕರೆದೊಯ್ದು ಡೇರೆ ಹೊಡೆಸಿದವನು. ಮರುವರ್ಷ ಪುಸ್ತಕ ಬರೆದ. 1909ಕ್ಕೆ ಸ್ಕೌಟ್ ನಮ್ಮ ಬೆಂಗಳೂರಿಗೇ ಬಂತು. ಆದರೆ ಇಂಗ್ಲಿಷರ, ಆಂಗ್ಲೋ-ಇಂಡಿಯನ್ನರ ಮಕ್ಕಳಿಗಷ್ಟೇ ಪ್ರವೇಶ, ನಮ್ಮವರು ಬೇಲಿಯಾಚೆ. ಆನಿ ಬೆಸೆಂಟ್, ಮದನಮೋಹನ ಮಾಳವೀಯರಂಥವರು "ನಮ್ಮ ಹುಡುಗರಿಗೇನು ಕಾಲಿಲ್ಲವೇ?" ಎಂದು ಬೇರೆ ಸಂಘಗಳನ್ನೇ ಕಟ್ಟಿದರು. ಕೊನೆಗೆ 1950ರ ನವೆಂಬರ್ 7ರಂದು ಎಲ್ಲ ಕೂಡಿ ಭಾರತ್ ಸ್ಕೌಟ್ಸ್ ಆಯಿತು, ಮರುವರ್ಷ ಹುಡುಗಿಯರ ಗೈಡ್ಸೂ ಸೇರಿದರು. ಆಗಿನ್ನೂ ನಮ್ಮ ಕೊಪ್ಪಳ, ಕುಷ್ಟಗಿ ಹೈದರಾಬಾದ್ ರಾಜ್ಯದಲ್ಲಿದ್ದವು.

ಸ್ಕೌಟ್ ಆಗಲು ಹತ್ತು ವರ್ಷ ತುಂಬಬೇಕು. ತಮ್ಮಂದಿರು ಅಣ್ಣಂದಿರ ಹಿಂದೆ ಅಳುತ್ತ ಬರತೊಡಗಿದಾಗ ಪೊವೆಲ್ 1916ರಲ್ಲಿ ಅವರಿಗೂ ಒಂದು ಗುಂಪು ಮಾಡಿದ, ಅದೇ ಕಬ್. ಹುಡುಗಿಯರಾದರೆ ಬುಲ್‌ಬುಲ್. ನೋಡಿ, ಹೆಣ್ಣುಮಕ್ಕಳಿಗೆ ಹಾಡುವ ಹಕ್ಕಿ, ನಮ್ಮ ಪಾಲಿಗೆ ತೋಳ. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗನ 'ಜಂಗಲ್ ಬುಕ್'ನಿಂದ ತೋಳದ ಹಿಂಡು, ಮೌಗ್ಲಿ, ಕರಡಿ ಬಾಲೂ, ಕರಿಚಿರತೆ ಬಘೀರ ಎಲ್ಲರನ್ನೂ ಪೊವೆಲ್ ಕೇಳಿ ತಂದ. ಆರು ಹುಡುಗರಿಗೆ ಒಂದು ಸಿಕ್ಸ್, ಅದರ ಮುಂದಾಳು ಸಿಕ್ಸರ್. (ಇದು ತಿಳಿದ ಮೇಲೆಯೇ ನನ್ನ ಮಗ ಕಬ್ ಸೇರಲು ಗಂಟುಬಿದ್ದದ್ದು, ಬ್ಯಾಟು ಕೊಡುತ್ತಾರೆಂದು ನಂಬಿದ್ದ.) ಪ್ರಥಮ ಚರಣದಿಂದ ಚತುರ್ಥ ಚರಣದವರೆಗೆ ನಾಲ್ಕು ಪರೀಕ್ಷೆ. ತೋಳಕ್ಕೆ ಕಾಲೂ ನಾಲ್ಕೇ, ಲೆಕ್ಕ ಸರಿಯಾಗಿದೆ.

ಹಿಂಡಿನ ಮುಖ್ಯಸ್ಥರಿಗೆ ಅಕೇಲಾ ಎನ್ನಬೇಕು. ಆ ದಿನದಿಂದ ಮಗ ಮೇಡಂ ಎನ್ನುವುದನ್ನೇ ಬಿಟ್ಟ. "ಅಕೇಲಾ ಹಿಂಗಂದ್ರು, ಅಕೇಲಾ ಹಂಗಂದ್ರು." ಉರ್ದು ಕೇಳಿಯೇ ಬೆಳೆದ ನಮ್ಮವ್ವನಿಗೆ ಕರುಳು ಚುರುಕ್ಕೆಂದಿತು. "ಪಾಪ, ಆ ಮೇಡಮ್ಮ ಒಬ್ಬಾಕೀನ ಅದಾಳೇನು? ಹೊತ್ತಿಗೆ ಸರಿಯಾಗಿ ಉಣತಾಳೋ ಇಲ್ಲೋ" ಎಂದು ಒಂದು ಶನಿವಾರ ನಾಲ್ಕು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿದಳು. ಗಂಡ, ಇಬ್ಬರು ಮಕ್ಕಳು, ಅತ್ತೆ-ಮಾವ ಇರುವ ಮೇಡಂ ಏನೂ ಕೇಳದೆ ಡಬ್ಬಿ ತೊಳೆದು ವಾಪಸು ಕಳಿಸಿದರು.

ಗಂಗಾವತಿಯ ನಮ್ಮತ್ತೆಯ ತಕರಾರು ಬೇರೆ. ಕಿಪ್ಲಿಂಗನ ಕಾಡಿನಲ್ಲಿ ಕಾನೂನು-ಕಟ್ಟಳೆ ಇಲ್ಲದ ಜನವೆಂದರೆ ಮಂಗಗಳು ಎಂದು ಮೊಮ್ಮಗನ ಬಾಯಲ್ಲಿ ಕೇಳಿ ಫೋನಿನಲ್ಲೇ ಸಿಡಿದರು. ವರ್ಷಕ್ಕೊಮ್ಮೆಯಾದರೂ ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ಹೆಂಗಸು. "ಹನುಮಪ್ಪ ಹುಟ್ಟಿದ ಸೀಮ್ಯಾಗ ನಿಂತು ಮಂಗ್ಯಾ ಕೆಟ್ಟದ್ದು, ತ್ವಾಳ ಛಲೋದು ಅಂತ ಕಲಿಸ್ತಾರ? ಲಂಕಾ ಸುಟ್ಟದ್ದು ತ್ವಾಳಾನ?" ನ್ಯಾಯವಾದ ಪ್ರಶ್ನೆ. ಆದರೆ ಬೆಟ್ಟದ ಮೇಲೆ ಅದೇ ಅತ್ತೆಯ ಕೈಯಿಂದ ಕಾಯಿ, ಬಾಳೆಹಣ್ಣು, ಒಮ್ಮೆ ಚಷ್ಮಾ ಕೂಡ ಕಸಿದವರು ಯಾರೆಂದು ನಾನು ನೆನಪಿಸಲಿಲ್ಲ. ಅಳಿಯನಾದವನಿಗೂ ಕಾನೂನು-ಕಟ್ಟಳೆ ಇರುತ್ತದೆ.

ಯೋಚಿಸಿದರೆ ಆ ಪುಸ್ತಕದ ಪಾತ್ರಗಳೆಲ್ಲ ನಮ್ಮ ಸುತ್ತಲೇ ಇವೆ. ಗಂಗಾವತಿ ಕಡೆಯ ಬಂಕಾಪುರದ ಕುರುಚಲು ಕಾಡಿನಲ್ಲಿ ಸುಮಾರು 332 ಹೆಕ್ಟೇರ್ ಜಾಗವನ್ನು ಸರ್ಕಾರ ತೋಳಧಾಮ ಮಾಡಿದೆ. ತೋಳಕ್ಕೆಂದೇ ಧಾಮ ಎಂದರೆ ಜಾರ್ಖಂಡದ ಮಹುವಾಡಾಂಡ್ ಬಿಟ್ಟರೆ ನಮ್ಮದೇ. ಆನೆಗೊಂದಿಯ ಗುಡ್ಡಗಳಲ್ಲಿ ಚಿರತೆ, ಹೊಳೆಯಾಚೆ ದರೋಜಿಯಲ್ಲಿ ಕರಡಿ. ಹುಲಿ ಶೇರ್‌ಖಾನ್ ಒಬ್ಬ ಕಡಿಮೆ ಎಂದೆ. "ಶೇರ್‌ಖಾನ್ ನೀನ ಅಲ್ಲೇನಪಾ" ಎಂದ ಮಗ. ತೋಳಧಾಮದ ಸುದ್ದಿ ಓದಿ ಹೇಳಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಅವಕ್ಕ ಧಾಮ ಆತು, ಕುರುಬಗ?" ಎಂದ. ಅದಕ್ಕೂ ಉತ್ತರವಿರಲಿಲ್ಲ.

ಸಮವಸ್ತ್ರದ ಕಥೆ ಚಿಕ್ಕದು. ಎಲ್ಲ ಸಿಕ್ಕಿತು, ಸ್ಕಾರ್ಫ್ ಬಿಗಿಯುವ ಉಂಗುರ ಮಾತ್ರ ಸಿಗಲಿಲ್ಲ. ಅದಕ್ಕೆ ವಾಗಲ್ ಎನ್ನುತ್ತಾರೆ. ಬಜಾರಿನಲ್ಲಿ ಮೂರು ಅಂಗಡಿಯಲ್ಲಿ ಕೇಳಿದೆ. ಮೂವರೂ ಗಾಗಲ್ ತೆಗೆದು ತೋರಿಸಿದರು. ಕೊನೆಗೆ ಅಪ್ಪ ಕಂಬಳಿಯ ಕರಿ ಉಣ್ಣೆಯ ದಾರ ಹೊಸೆದು, ಹೆಣೆದು, ಉಂಗುರ ಮಾಡಿ ಎಸೆದ. "ತಗೋ, ತ್ವಾಳಕ್ಕ ಕುರಿ ಉಣ್ಣಿ."

ಗಂಟು ಕಲಿಯುವಾಗಲೂ ಹೀಗೇ. ಮಗ ಹಗ್ಗದ ತುಂಡು ತಂದು ಕ್ಲೋವ್ ಹಿಚ್ ಹಾಕಿಕೊಡು ಎಂದ. ಲುಂಗಿಯದ್ದೊಂದು ಬಿಟ್ಟರೆ ನನಗೆ ಬೇರೆ ಗಂಟು ಗೊತ್ತಿಲ್ಲ, ಅದೂ ನಡುದಾರಿಯಲ್ಲಿ ಬಿಚ್ಚುತ್ತದೆ. ಅಪ್ಪ ಪುಸ್ತಕದ ಚಿತ್ರ ಬೆಳಕಿಗೆ ಹಿಡಿದು ನೋಡಿ, "ಇದು ಆಡು ಕಟ್ಟೋ ಗೂಟದ ಗಂಟಲ್ಲೋ" ಎಂದು ಬೆನ್ನ ಹಿಂದೆ ಕೈ ಇಟ್ಟುಕೊಂಡೇ ಹಾಕಿ ತೋರಿಸಿದ. ಬೋಲೈನ್ ಎಂಬುದು ಎತ್ತಿನ ಕೊರಳಿಗೆ ಬಿಗಿಯದಂತೆ ಹಾಕುವ ಕುಣಿಕೆ. ಉದ್ದವಾದ ಹಗ್ಗವನ್ನು ಕತ್ತರಿಸದೆ ಗಿಡ್ಡ ಮಾಡುವ ಗಂಟಿಗೆ ಶೀಪ್‌ಶ್ಯಾಂಕ್, ಅಂದರೆ ಕುರಿಗಾಲು ಎಂದು ಹೆಸರಿದೆ ಎಂದಾಗ ಮಾತ್ರ ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಯಾವ ಕುರಿದಪ ಈ ಕಾಲು? ನನ್ನ ಹಿಂಡಿನಾಗಂತೂ ಇರಲಿಲ್ಲ."

ನಿಜವಾದ ಕಷ್ಟ ಶುರುವಾದದ್ದು 'ದಿನಕ್ಕೊಂದು ಒಳ್ಳೆಯ ಕೆಲಸ'ದಿಂದ. ಕಬ್ ಮಾಡುವ ಪ್ರತಿಜ್ಞೆಯಲ್ಲೇ ಅದಿದೆ. ಮರೆಯದಿರಲು ಬೆಳಿಗ್ಗೆ ಒಂದು ಗಂಟು ಹಾಕಿಕೊಳ್ಳಿ ಎಂದು ಪೊವೆಲ್ ಬರೆದಿದ್ದಾನೆ. ನಮ್ಮವ್ವ ಚೀಟಿ ಹಣದ ದಿನ ಸೆರಗಿಗೆ ಗಂಟು ಹಾಕುವ ಹಾಗೇ. ಮಗ ಮೊದಲ ದಿನ ಪಕ್ಕದ ಮನೆಯವರ ಸಂಡಿಗೆಯನ್ನು ಮಳೆ ಬರುತ್ತದೆಂದು ಎತ್ತಿಟ್ಟ. ಮಳೆ ಬರಲಿಲ್ಲ, ಹಸಿ ಸಂಡಿಗೆಯೆಲ್ಲ ಒಂದೇ ಮುದ್ದೆಯಾಯಿತು. ಎರಡನೆಯ ದಿನ ನನ್ನ ಅಂಗಡಿಯಲ್ಲಿ ತೊಗರಿ ಬೀಜದ ದರ ಕೇಳುತ್ತಿದ್ದ ರೈತನಿಗೆ ಕೈಕಟ್ಟಿ ನಿಂತು ಹೇಳಿದ: "ಕಾಕಾ, ಬಾಜೂ ಅಂಗಡ್ಯಾಗ ಇಪ್ಪತ್ತು ರೂಪಾಯಿ ಕಮ್ಮಿ ಐತ್ರಿ." ಆ ಕಾಕಾ ಅವನ ತಲೆ ಸವರಿ, ನನ್ನ ಮುಖ ನೋಡಿ, ಬಾಜೂ ಅಂಗಡಿಗೆ ಹೋದ. ಬಾಜೂ ಅಂಗಡಿಯವನು ಮಗನಿಗೆ ಬಿಸ್ಕೀಟ್ ಪುಡಿಕೆ ಕೊಟ್ಟ. ಕಬ್ ಒಳ್ಳೆಯ ಕೆಲಸಕ್ಕೆ ಪ್ರತಿಫಲ ಪಡೆಯಬಾರದು ಎಂದು ಮಗ ಅದನ್ನು ತಿರುಗಿ ಕೊಟ್ಟು ಬಂದ. ಅಲ್ಲಿಗೆ ನನ್ನ ಕೊನೆಯ ಲಾಭವೂ ಹೋಯಿತು.

ಕೆಲವು ದಿನ ರಾತ್ರಿ ಒಂಬತ್ತಾದರೂ ಒಳ್ಳೆಯ ಕೆಲಸ ಸಿಗುತ್ತಿರಲಿಲ್ಲ. ಆಗ ಇವನು ಮನೆ ತುಂಬ ನೊಂದವರನ್ನು ಹುಡುಕುತ್ತ ಅಡ್ಡಾಡುತ್ತಿದ್ದ. "ಅವ್ವಾ, ನಿನಗೇನರ ತ್ರಾಸ ಐತೇನು?" "ಇಲ್ಲಪಾ." "ನೆನಪು ಮಾಡಿಕೊಂಡು ನೋಡು." ಯಾರೂ ಸಿಗದಿದ್ದರೆ ಗಾಢ ನಿದ್ದೆಯಲ್ಲಿದ್ದ ಅಜ್ಜನನ್ನು ಎಬ್ಬಿಸಿ ಕಾಲೊತ್ತಿ, ಡೈರಿ ಬರೆದು, ಮಲಗುತ್ತಿದ್ದ. ಮುದುಕ ಬೆಳಗಿನವರೆಗೆ ಎಚ್ಚರ.

ನವೆಂಬರಿನಲ್ಲಿ ಕೊಪ್ಪಳಕ್ಕೆ ಒಂದು ದಿನದ ಹೊರಸಂಚಾರ. ನೀರಿನ ಕ್ಯಾನು ಹೊರಲು ಪಾಲಕರಿಬ್ಬರು ಬೇಕು ಎಂದಾಗ ನನ್ನ ಮಗ ನನ್ನ ಕೈ ಎತ್ತಿದ. ಗವಿಮಠದ ಗುಡ್ಡದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಹತ್ತಿ ಹತ್ತಿ ನನ್ನ ಉಸಿರು ಹಾರಿ, ಬಂಡೆಗೊರಗಿ ಕುಳಿತಿದ್ದೆ. ಮೇಡಂ ಮಕ್ಕಳಿಗೆ ಹೇಳುತ್ತಿದ್ದರು: ಮೊದಮೊದಲು ತಾನು ಅಷ್ಟೇನೂ ಶ್ರಮಪಡಲಿಲ್ಲ, ಆಮೇಲೆ ಪಟ್ಟೆ ಎಂದು ಚಕ್ರವರ್ತಿಯೇ ಇದರಲ್ಲಿ ಒಪ್ಪಿಕೊಂಡಿದ್ದಾನೆ, ಫಲ ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ ಎನ್ನುತ್ತಾನೆ. ಕೈಲಾದಷ್ಟು ಮಾಡು ಎನ್ನುವುದೇ ಕಬ್‌ನ ಧ್ಯೇಯ. ಮಗ ಕೈ ಎತ್ತಿದ.

"ಅಂದ್ರ ಅಶೋಕನೂ ಕಬ್ ಏನ್ರೀ ಅಕೇಲಾ?"

ಮೇಡಂ ಒಂದು ಗಳಿಗೆ ಯೋಚಿಸಿ ಹೇಳಿದರು: "ಹೌದು. ಆದ್ರ ಅವ ಭಾಳ ವಯಸ್ಸಾದ ಮ್ಯಾಲ ಆದ."

ಡಿಸೆಂಬರಿನಲ್ಲಿ ದೀಕ್ಷೆ. ಆ ಶಬ್ದ ಕೇಳಿ ನಮ್ಮವ್ವ ಮತ್ತೆ ಗಾಬರಿಯಾದಳು, "ಯಾವ ಮಠಕ್ಕ?" ಎಂದು. ದೀಕ್ಷೆಯ ದಿನ ಹಿಂಡೆಲ್ಲ ಅಕೇಲಾರ ಸುತ್ತ ತೋಳದ ಹಾಗೆ ಕುಕ್ಕರಗಾಲಲ್ಲಿ ಕುಳಿತು, ಕೈ ನೆಲಕ್ಕೂರಿ, ಒಕ್ಕೊರಲಿನಲ್ಲಿ ಊಳಿಡಬೇಕು. ಅದಕ್ಕೆ ಗ್ರ್ಯಾಂಡ್ ಹೌಲ್ ಎಂದು ಹೆಸರು. ಹದಿನೈದು ದಿನ ನಮ್ಮ ಮಾಳಿಗೆಯ ಮೇಲೆ ಅದರ ತಾಲೀಮು ನಡೆದು, ಓಣಿಯ ನಾಯಿಗಳೂ ಪ್ರಥಮ ಚರಣ ಮುಗಿಸಿದ್ದವು.

ಅಪ್ಪ ಬರುವುದಿಲ್ಲ ಎಂದಿದ್ದ. ಕೊನೆಯ ಗಳಿಗೆಯಲ್ಲಿ ಕಂಬಳಿ ಹೊದ್ದು, ಕೋಲು ಹಿಡಿದು, ಆಟೋದಲ್ಲಿ ನಮಗಿಂತ ಮೊದಲು ಕುಳಿತಿದ್ದ. ಸಂಜೆಗತ್ತಲು. ಶಾಲೆಯ ಮೈದಾನದಲ್ಲಿ ಇಪ್ಪತ್ನಾಲ್ಕು ಹುಡುಗರು ಕುಕ್ಕರಿಸಿ, ತಲೆ ಎತ್ತಿ, ಒಮ್ಮೆಲೇ ಊಳಿಟ್ಟರು. ಅಪ್ಪ ಕುರ್ಚಿಯಿಂದ ಪುಟಿದು ನಿಂತ. ಕೋಲು ಮೇಲೆತ್ತಿ "ಹೋಯ್! ಹೋಯ್! ಹಚಾ!" ಎಂದು ಕಿರುಚಿದ ರಭಸಕ್ಕೆ ಶಾಮಿಯಾನದ ಹಗ್ಗ ನಡುಗಿತು. ಇಪ್ಪತ್ನಾಲ್ಕು ತೋಳಗಳು ಹಿಂದಕ್ಕೆ ಬಿದ್ದವು. ಮುಂದಿನ ಸಾಲಿನ ಅತಿಥಿಯೊಬ್ಬರ ಕೈಯ ಚಹಾ ಅವರ ಅಂಗಿಗೆ ಹೋಯಿತು. ನಾನು ಮಣ್ಣೊಳಗೆ ಇಳಿಯಲು ಜಾಗ ನೋಡುತ್ತಿದ್ದೆ.

ಮೇಡಂ ಮಾತ್ರ ಅಪ್ಪನ ಹತ್ತಿರ ಬಂದರು. "ಅಜ್ಜಾರ, ಖರೇ ತ್ವಾಳ ಕೂಗಿದ್ದು ಕೇಳೀರೇನ್ರಿ?"

"ಕೇಳೀನೇನು ಅಂತೀರಲ್ಲಬೇ" ಎಂದ ಅಪ್ಪ. ನಾಚಿಕೆಯಾಗಿತ್ತು, ಸಿಟ್ಟೂ ಉಳಿದಿತ್ತು. "ಈ ಹುಡುಗರು ಕೂಗಿದ್ದು ತ್ವಾಳ ಅಲ್ಲ. ಹಿಂಗ ಎಲ್ಲಾರೂ ಕೂಡಿ ಒದರೋದು ನರಿ. ತ್ವಾಳ ಮೊದಲ ಒಂದ ಎತ್ತತೈತಿ, ಸಣ್ಣಗ. ಆಮ್ಯಾಲ ಎರಡನೇದು, ಬ್ಯಾರೆ ರಾಗದಾಗ. ಎರಡ ಇದ್ರೂ ಹತ್ತು ಇದ್ದಂಗ ಕೇಳಸ್ತೈತಿ. ಕುರಿ ಹಟ್ಟ್ಯಾಗ ಒಬ್ಬಂವ ಮಲಗಿದ್ರ ಗೊತ್ತಾಕೈತಿ."

"ಒಮ್ಮೆ ತೋರಸ್ರಿ."

ಅಪ್ಪ ಮೊಮ್ಮಗನನ್ನು ನೋಡಿದ. ಗಂಟಲು ಸರಿಮಾಡಿಕೊಂಡ. ಕತ್ತು ಮೇಲೆತ್ತಿ ತೆಗೆದ ಆ ದನಿ ತೆಳ್ಳಗೆ ಶುರುವಾಗಿ, ಏರಿ, ಬಹಳ ಹೊತ್ತು ಅಲ್ಲೇ ನಿಂತು, ಮೆಲ್ಲಗೆ ಇಳಿಯಿತು. ಮೈದಾನದ ಆಚೆ ನಾಯಿಯೊಂದೂ ಬೊಗಳಲಿಲ್ಲ. ಹಿಂದಿನ ಸಾಲಿನಲ್ಲೊಂದು ಕೂಸು ಅಳತೊಡಗಿತು. ಆಮೇಲೆ ಹುಡುಗರು ಒಬ್ಬೊಬ್ಬರಾಗಿ, ಬೇರೆ ಬೇರೆ ರಾಗದಲ್ಲಿ, ಅಜ್ಜನ ಹಿಂದೆ ದನಿ ಎತ್ತಿದರು.

ಮೇಡಂ ಎಡಗೈ ಚಾಚಿದಾಗ ನನ್ನ ಎದೆ ಡವಡವ ಎಂದಿತು. ಅಪ್ಪ ಎಡಗೈಯನ್ನೇ ಕೊಟ್ಟ. ಬಲಗೈಯಲ್ಲಿ ಕೋಲಿತ್ತು.

ಅವತ್ತು ರಾತ್ರಿ ಹಿತ್ತಲಲ್ಲಿ ಬೆಳಕು ಕಂಡು ಎದ್ದು ಹೋದೆ. ಅಪ್ಪ ಬ್ಯಾಟರಿ ಹಿಡಿದು ಬೇಲಿಯ ಉದ್ದಕ್ಕೂ ನೋಡುತ್ತ ನಡೆಯುತ್ತಿದ್ದ. ನಮ್ಮ ಮನೆಯಲ್ಲಿ ಕುರಿ ಇಲ್ಲದೆ ಒಂಬತ್ತು ವರ್ಷವಾಗಿತ್ತು.

"ಏನಪ್ಪಾ?" ಎಂದೆ.

"ಏನಿಲ್ಲ, ಮಕ್ಕೋ ಹೋಗು" ಎಂದು ಹಟ್ಟಿಯ ಬಾಗಿಲಿರಬೇಕಾದ ಕಡೆ ಇನ್ನೊಮ್ಮೆ ಬೆಳಕು ಬಿಟ್ಟ.