ಶ್ರೀಮಾನ್ ರಸ್ತೆ ಕಾಮಗಾರಿಯವರಿಗೆ ಒಂದು ಬಿನ್ನಹ

ಮಹಾರಾಜಶ್ರೀ ರಸ್ತೆ ಕಾಮಗಾರಿಯವರ ದಿವ್ಯ ಸನ್ನಿಧಿಗೆ,

ಪೇಟೆ ಬೀದಿಯ ಹಳೇ ನಿವಾಸಿಯ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಅನ್ನುವುದು ಬರೀ ಬಾಯುಪಚಾರವಲ್ಲ. ತಾವು ಬಾಗಿಲೆದುರು ತೋಡಿಟ್ಟ ಗುಂಡಿ ದಾಟುವಾಗ ನಮ್ಮ ಬೀದಿಯ ಹಿರಿಯರು ಈಗಾಗಲೇ ಒಬ್ಬೊಬ್ಬರಾಗಿ ತಮಗೆ ಅದನ್ನು ಸಲ್ಲಿಸಿದ್ದಾರೆ. ಯಾವ ಊರಿನ ಪೇಟೆ ಬೀದಿ ಎಂದು ಕೇಳಬೇಡಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕರಲ್ಲಿ ಒಂದು. ನಾಲ್ಕೂ ಕಡೆಯವರು ತಮ್ಮದೇ ಬೀದಿ ಅಂದುಕೊಂಡರೆ ನನ್ನ ತಕರಾರಿಲ್ಲ.

ತಾವು ಮೊದಲು ದೊಡ್ಡವರ ಮನೆಗೆ ಹೋಗುವವರೆಂದು ಬಲ್ಲೆವು. 2015ರ ಜೂನ್ 25ಕ್ಕೆ ಶುರುವಾದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿ 2016ರ ಜನವರಿ 28ರಂದು ಹೊರಬಿದ್ದಾಗ, ಅದರ 20 ನಗರಗಳಲ್ಲಿ ಕರ್ನಾಟಕದ್ದು ಎರಡೇ: ಬೆಳಗಾವಿ ಮತ್ತು ನಮ್ಮ ದಾವಣಗೆರೆ. ಬೆಂಗಳೂರಿಗೇ ಆಗ ಸಿಗದ ಭಾಗ್ಯ! ನಗರವೊಂದಕ್ಕೆ ಕೇಂದ್ರದ್ದು 500 ಕೋಟಿ, ರಾಜ್ಯದ್ದು ಅಷ್ಟೇ ಪಾಲು ಎಂಬ ಲೆಕ್ಕ. ಮಂಡಿಪೇಟೆಯಂಥ ಹಳೇ ಪೇಟೆಗೂ ಹೊಸ ಕಳೆ ಬರುತ್ತದಂತೆ ಎಂದು, ಆಸ್ಪತ್ರೆಗೂ ಮದುವೆ ಜವಳಿಗೂ ದಾವಣಗೆರೆಯನ್ನೇ ನಂಬಿದ ತಾಲ್ಲೂಕಿನವರಾದ ನಾವೂ ಬೀಗಿದೆವು. ಐದು ವರ್ಷಕ್ಕೆಂದು ಬಂದ ಯೋಜನೆ ಅವಧಿ ವಿಸ್ತರಿಸಿಕೊಳ್ಳುತ್ತ ಕೊನೆಗೆ 2025ರ ಮಾರ್ಚ್ 31ಕ್ಕೆ ಎದ್ದಿತು. ತಮಗೆ ಆತಿಥ್ಯ ಹಿಡಿಸಿತೆಂದು ತಿಳಿದು ಸಂತೋಷಪಟ್ಟೆವು.

ಈಗ ನಮ್ಮಂಥ ಬಡವರ ಬೀದಿಗೂ ದಯಮಾಡಿಸಿದ್ದೀರಿ. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ಹೇಗೆ ಬಂದರೂ ತಾಲ್ಲೂಕು ಕೇಂದ್ರ ಅಂದಮೇಲೆ ಅಗಲ ರಸ್ತೆ, ನಡುವೆ ಡಿವೈಡರ್, ಡಿವೈಡರಿನಲ್ಲಿ ಒಣಗಿದ ಗಿಡ ಇರಲೇಬೇಕೆಂಬುದು ತಮ್ಮ ಶಾಸ್ತ್ರ. ಶಾಸ್ತ್ರ ಮೀರಲು ನಾವ್ಯಾರು?

ಅಗಲೀಕರಣಕ್ಕೆಂದು ತಾವು ಗೋಡೆಗೆ ಹಚ್ಚಿಸಿದ ಕೆಂಪು ಗುರುತಿಗೆ ನಿತ್ಯ ಕೈಮುಗಿಯುತ್ತೇನೆ. ನಮ್ಮ ಮನೆಯಲ್ಲಿ ಅದು ಬಾಗಿಲ ಪಕ್ಕದ ದೀಪದ ಗೂಡಿನ ನಟ್ಟನಡುವೆ ಹಾದುಹೋಗಿದೆ. ಅರ್ಧ ಗೂಡು ರಸ್ತೆಗೆ, ಅರ್ಧ ನಮಗೆ. ದೀಪ ಯಾವ ಕಡೆ ಇಡಬೇಕೆಂದು ಅಪ್ಪಣೆಯಾದರೆ ಉಪಕಾರ. ಅಳತೆ ರಸ್ತೆಯ ಮಧ್ಯಭಾಗದಿಂದ ಎಂದು ಟೇಪು ಹಿಡಿದವರು ಹೇಳಿದರು. ಆ ಮಧ್ಯಭಾಗದ ವಿನಯ ನೋಡಿ ಕಣ್ತುಂಬಿ ಬಂತು. ಮೂರಂತಸ್ತಿನ ಕಾಂಪ್ಲೆಕ್ಸ್ ಎದುರಾದ ಕಡೆ ಅದು ತಾನಾಗಿ ಎದುರು ಸಾಲಿನತ್ತ ಸರಿದು ದಾರಿ ಬಿಡುತ್ತದೆ. ಹೆಂಚಿನ ಮನೆ ಬಂದ ಕಡೆ ಮಾತ್ರ ಎದೆ ಸೆಟೆಸಿ ನಿಲ್ಲುತ್ತದೆ. ಪಕ್ಕದ ಮನೆಯ ಅಜ್ಜಿ, "ಏನಪಾ, ರೋಡಿಗೂ ದೊಡ್ಡೋರ ಕಂಡ್ರ ಭಯಾನಾ?" ಎಂದು ಟೇಪಿನವರನ್ನೇ ಕೇಳಿದರು. ವಯಸ್ಸಾದವರು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇನ್ನು ಕಾಂಕ್ರೀಟಿನ ವಿಚಾರ. ಕನ್ನಡಿಯಂಥ ರಸ್ತೆ ಹಾಕಿಸಿದಿರಿ, ಗೋಣಿಚೀಲ ಹಾಸಿ ನೀರುಣಿಸಿದಿರಿ, ಮಕ್ಕಳು ಸೈಕಲ್ ಕಲಿತವು. ಆಮೇಲೆ ಕಟರ್ ಬಂತು. ಕೊಯ್ಯುವ ಸದ್ದಿಗೆ ಎದುರುಮನೆಯ ತೊಟ್ಟಿಲ ಕೂಸು ಬೆಚ್ಚಿಬಿತ್ತು, ಸಿಮೆಂಟಿನ ಬಿಳಿಪುಡಿ ಒಣಹಾಕಿದ್ದ ಸಂಡಿಗೆಯ ಮೇಲೆಲ್ಲ ಕೂತಿತು. ಕುಡಿಯುವ ನೀರಿನ ಪೈಪು ಹಾಕುವುದು ಮರೆತಿತ್ತಂತೆ. ಅದು ಮುಚ್ಚಿದ ಮೇಲೆ ಯುಜಿಡಿ ಎಂಬ ಒಳಚರಂಡಿ, ಅದರ ಹಿಂದೆ ಕೇಬಲ್ಲು. ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು 2018ರಲ್ಲಿ ಹೊಸದು ಮಾಡಿದಾಗ ಪೈಪು, ಕೇಬಲ್ಲುಗಳಿಗೆ ನೆಲದಡಿ ಮೊದಲೇ ಜಾಗ ಮಾಡಿ, ಆಮೇಲೆ ಮೇಲೆ ಕಲ್ಲು ಹಾಸಿದರು. ಅಂಥ ಆತುರ ತಮಗೆ ಬೇಡ. ಮೊದಲು ಅಂಗಿ ತೊಡಿಸಿ ಆಮೇಲೆ ಸ್ನಾನ ಮಾಡಿಸುವ ತಮ್ಮ ಪದ್ಧತಿಯಿಂದ ಒಂದೇ ರಸ್ತೆಗೆ ಎರಡು ಗುದ್ದಲಿ ಪೂಜೆ ನೋಡುವ ಪುಣ್ಯ ನಮ್ಮದಾಯಿತು.

ತೇಪೆಯ ಮೇಲೆ ತೇಪೆ, ಪದರದ ಮೇಲೆ ಪದರ ಹಾಕಿ ರಸ್ತೆಯನ್ನು ಎತ್ತರಕ್ಕೇರಿಸಿದ್ದೀರಿ. ನಮ್ಮ ಹೊಸ್ತಿಲು ಈಗ ಅದಕ್ಕಿಂತ ಮೊಣಕಾಲುದ್ದ ಕೆಳಗಿದೆ. ಮೊದಲು ಮೆಟ್ಟಿಲು ಹತ್ತಿ ಮನೆಗೆ ಬರುತ್ತಿದ್ದ ಬೀಗರು ಈಗ ಇಳಿದು ಬರುತ್ತಾರೆ. ಮಳೆನೀರೂ ಅದೇ ದಾರಿಯಲ್ಲಿ ಬರುತ್ತದೆ. ಚರಂಡಿ ಬಚ್ಚಲಿಗಿಂತ ಮೇಲಿದೆ. ಹರಿಹರ ತಾಲ್ಲೂಕಿನ ದೀಟೂರಿನಲ್ಲಿ ತುಂಗಭದ್ರೆಯನ್ನು ಎತ್ತಿ ಜಗಳೂರಿನ ಕೆರೆಗಳವರೆಗೆ ಹರಿಸಬಲ್ಲ ಈ ನಾಡಿನಲ್ಲಿ, ನಮ್ಮ ಬಚ್ಚಲ ನೀರು ಮಾತ್ರ ಎದುರಿನ ಚರಂಡಿ ಮುಟ್ಟಲಾರದು. ಅದಕ್ಕೂ ಒಂದು ಏತ ನೀರಾವರಿ ಮಂಜೂರು ಮಾಡಿಸಿದರೆ ಕೃತಾರ್ಥರು.

ರಸ್ತೆ ಅಗಲವಾದರೂ ವಿದ್ಯುತ್ ಕಂಬ ಮಾತ್ರ ಹಳೇ ಜಾಗದಲ್ಲೇ, ಅಂದರೆ ಈಗ ಕಾಂಕ್ರೀಟಿನೊಳಗೆ, ನಿಂತಿದೆ. ಕಂಬ ಬೇರೆ ಇಲಾಖೆಯದು, ರಸ್ತೆ ಬೇರೆ ಇಲಾಖೆಯದು ಎಂದು ತಿಳಿಸಿದರು. ಕಂಬಕ್ಕೆ ಗುದ್ದಿಕೊಂಡ ಬೈಕಿನ ಹುಡುಗ ಯಾವ ಇಲಾಖೆಯವನು ಎಂದು ಇನ್ನೂ ತೀರ್ಮಾನವಾಗಿಲ್ಲ.

ಬೀದಿಗೆ ಕಳೆ ತರಬೇಕೆಂದು ತಾವು ಮೊದಲು ಎತ್ತಂಗಡಿ ಮಾಡಿಸಿದ್ದು ಮಂಡಕ್ಕಿ-ಮಿರ್ಚಿ ಗಾಡಿಯನ್ನು, ಆಮೇಲೆ ಮೊಳ ಹಾಕಿ ಹೂ ಕೊಡುತ್ತಿದ್ದ ಅಕ್ಕನ ಬುಟ್ಟಿಯನ್ನು. ಬೀದಿ ವ್ಯಾಪಾರಿಗಳ 2014ರ ಕಾಯ್ದೆ, ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ. ಕಾಯ್ದೆಗೆ ನಮ್ಮ ಬೀದಿಯ ವಿಳಾಸ ಸಿಗಲಿಲ್ಲವೆಂದು ಕಾಣುತ್ತದೆ. ಈಗ ಆ ಜಾಗದಲ್ಲಿ ಚಂದದ ಪೇವರ್ಸ್ ಹಾಸಿ, ಅದರ ಮೇಲೆ ಕಾರುಗಳು ನಿಂತಿವೆ. ಸಂಜೆ ಏಳಕ್ಕೆಲ್ಲ ಬೀದಿ ಬಿಕೋ ಅನ್ನುತ್ತದೆ. ಊರು ದಾಟಿ ಹೋಗುವವರಿಗೆ ಎರಡು ನಿಮಿಷ ಉಳಿಯಿತಂತೆ, ಬಹಳ ಒಳ್ಳೆಯದಾಯಿತು.

ಕಡೆಯದಾಗಿ ಕೆಲವು ಸಣ್ಣ ಅರಿಕೆ. ಮುಂದಿನ ಸಲ ಮಾರ್ಚ್ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಅಗೆದು, ಮಳೆಗಾಲಕ್ಕೆ ಗುಂಡಿಯನ್ನು ನಮ್ಮ ವಶಕ್ಕೆ ಒಪ್ಪಿಸಿ ಹೋಗಬೇಡಿ. ಅದನ್ನು ಸಾಕುವ ಶಕ್ತಿ ನಮಗಿಲ್ಲ. ಬರುವಾಗ ಪೈಪಿನವರನ್ನೂ ಕಂಬದವರನ್ನೂ ಒಂದೇ ಗಾಡಿಯಲ್ಲಿ ಕರೆತನ್ನಿ, ಎಲ್ಲರಿಗೂ ಒಟ್ಟಿಗೆ ಚಹಾ ಕೊಡುತ್ತೇವೆ. ಹೂವಿನ ಅಕ್ಕನಿಗೆ ಒಂದು ಬುಟ್ಟಿಯಷ್ಟು ಜಾಗವನ್ನು ನಕ್ಷೆಯಲ್ಲೇ ಗುರುತು ಹಾಕಿಸಿ, ಕೆಂಪು ಬಣ್ಣದಲ್ಲೇ ಆದರೂ ಸರಿ.

ಇಂತಿ ತಮ್ಮ ವಿಧೇಯ,
ರಸ್ತೆಗಿಂತ ಮೊಣಕಾಲುದ್ದ ಕೆಳಗಿನ ನಿವಾಸಿ