ಅಪ್ಸೆಣಬಿನ ಎರಡು ಕ್ರೆಡಿಟ್ಟು

ಬ್ಯಾಂಕಿನ ಕೌಂಟರಿನ ಹಿಂದೆ 26 ವರ್ಷ ಕೂತು ಸವೆದವನು ನಾನು. ಕ್ರೆಡಿಟ್ಟು ಯಾವುದು, ಡೆಬಿಟ್ಟು ಯಾವುದು ಅಂತ ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ ಅನ್ನೋ ಜಂಬ ಇತ್ತು. ಅದನ್ನು ಇಳಿಸಿದವನು ಎಂಜಿನಿಯರಿಂಗ್ ಓದುತ್ತಿರುವ ನನ್ನ ಸುಪುತ್ರ.

"ಅಪ್ಪ, ಎರಡು ಕ್ರೆಡಿಟ್ ಶಾರ್ಟೇಜು. ಸಾವಿರ ರೂಪಾಯಿ ಕೊಡಿ."

"ಅಂದ್ರೆ ಒಂದಕ್ಕೆ ಐನೂರಾ?"

ಅಡುಗೆಮನೆ ಬಾಗಿಲಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ಅವ್ವ ತಲೆ ಎತ್ತಿದಳು. "ಓದಕ್ಕೂ ಸಾಲ ಮಾಡ್ತನೇನಪ್ಪ ಕೂಸು?"

ಮಗ ಇಬ್ಬರಿಗೂ ಸೇರಿಸಿ ಪಾಠ ಮಾಡಿದ. ಐಐಟಿಗಳೂ ನಮ್ಮ ಮಲ್ಲೇಶ್ವರದಾಚೆಯ ಟಾಟಾ ಇನ್‌ಸ್ಟಿಟ್ಯೂಟೂ ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟೆಲ್ ಅಂತ ಆನ್‌ಲೈನ್ ಪಾಠಶಾಲೆಯೊಂದಿದೆ. 2017ರಲ್ಲಿ ಸರ್ಕಾರ 'ಸ್ವಯಂ' ಅಂತ ದೊಡ್ಡ ಚಾವಡಿ ಕಟ್ಟಿತು, ಈಗ ಎನ್‌ಪಿಟೆಲ್ಲಿನ ಪಾಠಗಳೂ ಅಲ್ಲೇ. ನಾಲ್ಕು ವಾರದ ಕೋರ್ಸಿಗೆ ಒಂದು ಕ್ರೆಡಿಟ್ಟು, ಎಂಟಕ್ಕೆ ಎರಡು, ಹನ್ನೆರಡಕ್ಕೆ ಮೂರು. ಪಾಠ ಪುಕ್ಕಟೆ, ಪರೀಕ್ಷೆಗೆ ಮಾತ್ರ ಸಾವಿರ. ಒಂದು ಸೆಮಿಸ್ಟರಿನಲ್ಲಿ ನೂರಕ್ಕೆ 20ರಷ್ಟು ವಿಷಯಗಳನ್ನು ಹೀಗೆ ಓದಬಹುದು ಅಂತಿದ್ದ ಯುಜಿಸಿ, 2021ರಲ್ಲಿ ಅದನ್ನು 40ಕ್ಕೆ ಏರಿಸಿತು. ಗಳಿಸಿದ್ದನ್ನು ಜಮಾ ಇಡೋಕೆ 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್' ಅಂತ ಬ್ಯಾಂಕೇ ಇದೆ.

ಬ್ಯಾಂಕ್ ಅಂದಕೂಡಲೇ ನನ್ನ ಕಿವಿ ನೆಟ್ಟಗಾಯಿತು. "ಬಡ್ಡಿ ಎಷ್ಟು ಕೊಡ್ತಾರೋ?"

"ಬಡ್ಡಿ ಇಲ್ಲ. ಏಳು ವರ್ಷದೊಳಗೆ ಬಳಸದಿದ್ರೆ ಅಸಲೂ ಇಲ್ಲ."

ಇಂಥ ಸ್ಕೀಮನ್ನು ನಮ್ಮ ಶಾಖೆಯಲ್ಲಿ ತಂದಿದ್ದರೆ ಗಿರಾಕಿಗಳು ಮ್ಯಾನೇಜರನ್ನು ಬನಶಂಕರಿ ಬಿಡಿಎ ಕಾಂಪ್ಲೆಕ್ಸ್ ತನಕ ಅಟ್ಟಿಸಿಕೊಂಡು ಹೋಗುತ್ತಿದ್ದರು.

ಮಗ ಆರಿಸಿಕೊಂಡ ವಿಷಯ ಸಾವಯವ ಕೃಷಿ. ಓದುವುದು ಕಂಪ್ಯೂಟರ್ ಸೈನ್ಸು. ಬಾಲ್ಕನಿಯ ತುಳಸಿಗೆ ಒಂದು ಚೊಂಬು ನೀರು ಹಾಕೋ ಅಂದರೆ "ಮೀಟಿಂಗಲ್ಲಿದೀನಿ" ಅನ್ನೋ ಆಸಾಮಿ. ಯಾಕೆ ಇದೇ ಅಂದರೆ, "ಸೀನಿಯರ್ಸ್ ಹೇಳಿದ್ರು, ಈಸಿಯಂತೆ." ಬೇಸಾಯ ಸುಲಭ ಅನ್ನೋ ಸುದ್ದಿ ನಾಗಮಂಗಲದ ಕಡೆಯ ನಮ್ಮ ವಂಶದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ನಾವ್ಯಾಕೆ ಬನಶಂಕರಿ ಎರಡನೇ ಹಂತಕ್ಕೆ ಬಂದು ಬಾಡಿಗೆ ಕಟ್ಟುತ್ತಿದ್ದೆವು?

ಫೆಬ್ರವರಿಯಲ್ಲಿ ಶುರುವಾಯಿತು ನೋಡಿ. ಅಲ್ಲಿಂದ ಯುಗಾದಿಯ ಹೋಳಿಗೆ, ರಾಮನವಮಿಯ ಪಾನಕ ಎಲ್ಲ ದಾಟಿ ಬಿರುಬೇಸಿಗೆಗೆ ಬಂದು ನಿಲ್ಲುವ ವ್ರತ. ವಾರವಾರ ವಿಡಿಯೋ, ವಾರಕ್ಕೊಂದು ಅಸೈನ್‌ಮೆಂಟು, ಬುಧವಾರ ರಾತ್ರಿ 11 ಗಂಟೆ 59 ನಿಮಿಷಕ್ಕೆ ಬಾಗಿಲು ಬಂದ್. ಮಗ ಪಾಠ ಕೇಳುವುದೋ, ಎರಡರ ವೇಗದಲ್ಲಿ. ಪಾಪ, ಶಾಂತವಾಗಿ ಹೇಳಿಕೊಡುವ ಮೇಷ್ಟ್ರು ಸಾರಕ್ಕಿ ಮಾರ್ಕೆಟ್ಟಿನಲ್ಲಿ ಟೊಮೇಟೊ ಹರಾಜು ಕೂಗುವವರ ಹಾಗೆ ಕೇಳಿಸುತ್ತಿದ್ದರು. ಮೂರನೇ ವಾರಕ್ಕೆ ಅದೂ ನಿಂತಿತು. ಬುಧವಾರ ಹನ್ನೊಂದೂವರೆಗೆ ಮಹಾಶಯ ಎದ್ದು ಕೂರುತ್ತಿದ್ದ. ಟೆಲಿಗ್ರಾಮ್ ಗುಂಪಿನಲ್ಲಿ ಯಾರೋ ಪುಣ್ಯಾತ್ಮ ಉತ್ತರಗಳ ಪಟ್ಟಿ ಹಾಕಿರುತ್ತಿದ್ದ. ಅದನ್ನು ನೋಡಿ ಟಿಕ್ ಟಿಕ್ ಟಿಕ್, ಮತ್ತೆ ಮುಸುಕು.

ಬೈಯೋಣ ಅಂದರೆ ನನಗೆ ಚಿಕ್ಕಪ್ಪ ನೆನಪಾಗುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಶುರುಮಾಡಿತಲ್ಲ, 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯ ಆಯಿತಲ್ಲ, ಅದರಲ್ಲಿ ಬಿಎ ಕಟ್ಟಿದ್ದವರು. ಪೋಸ್ಟ್‌ಮ್ಯಾನ್ ಪಾಠದ ಕಟ್ಟು ತಂದು ಜಗಲಿ ಮೇಲಿಟ್ಟರೆ ಅದನ್ನು ಬಿಚ್ಚದೆ ಅಟ್ಟಕ್ಕೆ ಏರಿಸುತ್ತಿದ್ದರು. ಬೇಸಿಗೆಯಲ್ಲಿ ಸಂಪರ್ಕ ತರಗತಿ ಅಂತ ಮೈಸೂರಿಗೆ ಹೋಗಿ, ಹತ್ತು ದಿನದಲ್ಲಿ ಹನ್ನೊಂದು ಸಿನಿಮಾ ನೋಡಿ ಬಂದಿದ್ದರು. ಆದರೂ ಪಾಸಾದರು, ಸರ್ಕಾರಿ ಕೆಲಸ ಹಿಡಿದರು, ಈಗ ಪೆನ್ಷನ್ ಎಣಿಸುತ್ತಿದ್ದಾರೆ. ಬಿಚ್ಚದ ಕಟ್ಟು ಬಿಚ್ಚದ ವಿಡಿಯೋ ಆಗಿದೆ ಅಷ್ಟೆ. ಅಟ್ಟದ ಕಟ್ಟುಗಳು ಕೊನೆಗೆ ಒಲೆ ಹಚ್ಚೋಕಾದರೂ ಬಂದವು, ವಿಡಿಯೋ ಆ ಉಪಕಾರವನ್ನೂ ಮಾಡುವುದಿಲ್ಲ.

ಪುಕ್ಕಟೆ ಪಾಠ ಹಾಳಾಗುವುದನ್ನು ಬ್ಯಾಂಕಿನವನ ಕಣ್ಣಿನಿಂದ ನೋಡಲಾಗಲಿಲ್ಲ. ನನ್ನ ಹೆಸರಲ್ಲೂ ಒಂದು ಖಾತೆ ತೆರೆದೆ. ಸಂಜೆ ಕಾಫಿ ಹಿಡಿದು ಲ್ಯಾಪ್‌ಟಾಪಿನ ಮುಂದೆ ಕೂತರೆ ಪಕ್ಕಕ್ಕೆ ಅವ್ವ ಬಂದು ಕೂರೋಳು. ಅವಳಿಗೆ ಇಂಗ್ಲಿಷ್ ಬಾರದು. ಆದರೆ ಪರದೆಯ ಮೇಲೆ ಗದ್ದೆ ಬರುತ್ತದಲ್ಲ, ಅಷ್ಟು ಸಾಕಿತ್ತು. "ಆವಯ್ಯ ಗೊಬ್ಬರ ಮೇಲ್ಗಡೇನೆ ಚೆಲ್ಲವ್ನಲ್ಲ, ಬಿಸಿಲಿಗೆ ಸತ್ತೋಯ್ತದೆ ಅನ್ನು" ಅಂತ ಮೇಷ್ಟ್ರಿಗೇ ಹೇಳಿ ಕಳಿಸೋಳು. ನನ್ನ ಹೆಂಡತಿಗೆ ನಗು. "ರೀ, ಧಾರಾವಾಹಿ ಬಿಡಿಸಿದ ಪುಣ್ಯ ನಿಮ್ಮದೇ."

ಐದನೇ ವಾರದ ಬುಧವಾರ. ಮಗ ಎಂದಿನಂತೆ ಮುಸುಕಿಂದ ಎದ್ದ. ನಾನು ಊಟದ ಮೇಜಿನ ಮೇಲೆ ನನ್ನ ಪ್ರಶ್ನೆಗಳನ್ನು ಹರಡಿಕೊಂಡಿದ್ದೆ. ಹಸಿರೆಲೆ ಗೊಬ್ಬರದ ಪ್ರಶ್ನೆಯೊಂದು ಸಿಕ್ಕಿಹಾಕಿಕೊಂಡಿತ್ತು. ಅದರಲ್ಲೊಂದು ಲ್ಯಾಟಿನ್ ಹೆಸರು, ಕ್ರೊಟಲೇರಿಯಾ ಜುನ್ಸಿಯಾ. ಅದನ್ನು ಉಳುವುದು ಯಾವ ಹಂತದಲ್ಲಿ ಅನ್ನೋದು ಪ್ರಶ್ನೆ. ಇದು ಗಿಡದ ಹೆಸರೋ ಕಾಯಿಲೆ ಹೆಸರೋ ಅಂತ ಗೂಗಲ್ಲಿನಲ್ಲಿ ಹಾಕಿದೆ. ಹಳದಿ ಹೂವಿನ ಚಿತ್ರ ಬಂತು. ನಿದ್ದೆ ಬಾರದೆ ಓಡಾಡುತ್ತಿದ್ದ ಅವ್ವ ಕನ್ನಡಕ ಮೂಗಿಗೇರಿಸಿ ಬಗ್ಗಿದಳು.

"ಅಯ್ಯೋ ನನ್ ಕಂದ, ಅಪ್ಸೆಣಬು ಕಣಪ್ಪ ಇದು!"

ಹತ್ತು ವರ್ಷದಿಂದ ಕಾಣದ ನೆಂಟರು ಬಂದಿಳಿದ ಹಾಗಿತ್ತು ಅವಳ ಮುಖ. ಕೆರೆ ಕೆಳಗಿನ ಗದ್ದೆಗೆ ನಾಟಿಗೆ ಮುಂಚೆ ಅದನ್ನೇ ಚೆಲ್ಲುತ್ತಿದ್ದರಂತೆ. ಸೊಂಟದ ಮಟ್ಟ ಬೆಳೆಯುತ್ತಿತ್ತಂತೆ. "ಹೂವು ಕಣ್ಬುಡೋ ಹೊತ್ಗೆ ಮಗಚಿಬುಡ್ಬೇಕು. ತಡ ಮಾಡಿದ್ರೆ ಕಡ್ಡಿ ನಾರಾಗ್ಬುಟ್ಟು ಕೊಳೆಯಾಕಿಲ್ಲ. ನಿಮ್ಮಪ್ಪ ಒಂದ್ಸಲ ತಡ ಮಾಡಿ ನನ್ನ ಕೈಲಿ ಉಗುಸ್ಕಂಡಿದ್ರು."

ಮಗ ಟೆಲಿಗ್ರಾಮ್ ಪಟ್ಟಿ ನೋಡಿದ. "ಇಲ್ಲ ಅಜ್ಜಿ, ಕಾಳು ಬಲಿತ ಮೇಲೆ ಅಂತಿದೆ ಇದ್ರಲ್ಲಿ."

"ಯಾವನ್ಲಾ ಹೇಳಿದ್ದು?"

"ಟೆಲಿಗ್ರಾಮು."

"ಅವ್ನಿಗೆ ಎಷ್ಟ್ ಎಕರೆ ಐತಂತೆ?"

ಅವನು ಟೆಲಿಗ್ರಾಮ್ ನಂಬಿದ, ನಾನು ಅವ್ವನನ್ನು ನಂಬಿದೆ. ಫಲಿತಾಂಶ ಬಂದಾಗ ನನಗೆ ಹತ್ತಕ್ಕೆ ಹತ್ತು. ಆ ಪುಣ್ಯಾತ್ಮನ ಪಟ್ಟಿಯಲ್ಲಿ ಇನ್ನೂ ಎರಡು ತಪ್ಪಿದ್ದವಂತೆ. ಎಂಟು ಅಸೈನ್‌ಮೆಂಟಿನಲ್ಲಿ ಚೆನ್ನಾಗಿ ಮಾಡಿದ ಆರನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ, ಅದಕ್ಕೆ 25 ಅಂಕ, ಬಚಾವಾದ. ಅಂದಿನಿಂದ ಬುಧವಾರ ರಾತ್ರಿ ಅಜ್ಜಿಯ ಮಂಚದ ಕಾಲ್ದೆಸೆಯಲ್ಲಿ ಮೊಮ್ಮಗ ಹಾಜರ್. ಪ್ರಶ್ನೆಯನ್ನು ನಾನು ಕನ್ನಡಕ್ಕೆ ಇಳಿಸಬೇಕು, ಅವಳು ತೀರ್ಪು ಕೊಡಬೇಕು. ಸರ್ಟಿಫಿಕೇಷನ್ನಿನ ನಿಯಮಗಳ ಬಗ್ಗೆ ಕೇಳಿದರೆ ಮಾತ್ರ "ಅದೆಲ್ಲ ನಿಮ್ಮ ಬ್ಯಾಂಕ್ನೋರ್ ಕೆಲ್ಸ" ಅಂತ ಮಗ್ಗುಲಾಗೋಳು.

ಉಳಿದ 75 ಅಂಕ ಪರೀಕ್ಷೆಗೆ. ಆನ್‌ಲೈನ್ ಕೋರ್ಸಿನ ಪರೀಕ್ಷೆ ಮನೆಯಲ್ಲೇ ಅಂದುಕೊಂಡಿದ್ದೆ. ಅದು ನನ್ನ ದಡ್ಡತನ. ಕೇಂದ್ರಕ್ಕೇ ಹೋಗಿ, ಅಲ್ಲಿಯ ಕಂಪ್ಯೂಟರಿನ ಮುಂದೆಯೇ ಕೂರಬೇಕು. ಕೇಂದ್ರ ಬಿದ್ದದ್ದು ವೈಟ್‌ಫೀಲ್ಡಿನಾಚೆ, ಭಾನುವಾರ ಬೆಳಿಗ್ಗೆ. ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಿಸಿದರೆ ಆಯಿತು ಅಂದರೆ, ಭಾನುವಾರ ಮೆಟ್ರೊ ಶುರುವಾಗುವುದೇ ಏಳಕ್ಕೆ. ಆರಕ್ಕೇ ಸ್ಕೂಟರ್ ತೆಗೆದೆ. ಒಂದು ಲಾಭವಾಯಿತು. ಸಿಲ್ಕ್ ಬೋರ್ಡ್ ಸಿಗ್ನಲ್ಲು ಖಾಲಿ ಇರುವುದನ್ನು ಈ ಜನ್ಮದಲ್ಲಿ ಕಣ್ಣಾರೆ ಕಂಡೆ.

ಗೇಟಿನ ಹೊರಗೆ ಅಪ್ಪಂದಿರ ಸಂತೆ. ಜೆ.ಪಿ. ನಗರದವರೊಬ್ಬರ ಮಗಳು ಮೆಕ್ಯಾನಿಕಲ್ ಓದುತ್ತ ಮನಶ್ಶಾಸ್ತ್ರ ಬರೆಯೋಕೆ ಬಂದಿದ್ದಳು. "ನಿಮ್ಮವನು?" ಅಂದರು. "ಸಾವಯವ ಕೃಷಿ" ಅಂದೆ. "ಜಮೀನಿದೆಯಾ ಸಾರ್?" "ಎರಡು ಕುಂಡ ಇದೆ."

ಬಂತು ಫಲಿತಾಂಶ. 60 ದಾಟಿದರೆ ಸರ್ಟಿಫಿಕೇಟಿನ ಮೇಲೆ 'ಎಲೀಟ್' ಅಂತ ಮುದ್ರೆ. ನಮ್ಮವನಿಗೆ 63. ಪ್ರಿಂಟು ತೆಗೆದು ಅಜ್ಜಿಗೆ ಕೊಟ್ಟ. ಸಾವಿರ ಕಟ್ಟದ ನನಗೆ ಕಾಗದವೂ ಇಲ್ಲ, ಇದ್ದರೂ ನನ್ನ ಕ್ರೆಡಿಟ್ಟನ್ನು ಜಮಾ ಮಾಡಿಕೊಳ್ಳುವ ಕಾಲೇಜಿಲ್ಲ. ಅವ್ವ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮೊಮ್ಮಗನ ಫೋಟೊದ ಮೇಲೆ ಬೆರಳಾಡಿಸಿದಳು.

"ಚೆಂದಾಗೈತೆ. ಜುಲೈನಾಗೆ ಮತ್ತೆ ಶುರುವಾಯ್ತದೆ ಅಂದ್ಯಲ್ಲ, ಈ ಕಿತ ಏನ್ ತಗತೀಯೆ?"

"ಮಷಿನ್ ಲರ್ನಿಂಗ್ ಅಜ್ಜಿ."

"ಅದೆಲ್ಲ ನಂಗ್ ಬರಾಕಿಲ್ಲ ಕಣ್ ಮಗ. ಹಸ ಸಾಕೋದ್ ಇದ್ರೆ ನೋಡು."